‘ಇಲ್ಲ’ ಎನ್ನುವ ಯಂತ್ರ

ಬೇಸಿಗೆಯ ಮುಂಬೈಯಲ್ಲಿ ಸ್ವೆಟರ್ ಹಾಕಿಕೊಂಡು ಕೆಲಸ ಮಾಡುತ್ತೇನೆಂದರೆ ನಮ್ಮೂರು ಬೆಟಗೇರಿಯಲ್ಲಿ ಯಾರೂ ನಂಬಲಿಕ್ಕಿಲ್ಲ. ಹೊರಗೆ ಮೈಯೆಲ್ಲ ಬೆವರು, ಒಳಗೆ ಕಂಪ್ಯೂಟರ್ ಕೋಣೆಯಲ್ಲಿ ಹಲ್ಲು ಕಟಕಟ. ಆ ತಂಪು ನಮಗಲ್ಲ, ಯಂತ್ರಕ್ಕೆ.

ಗಂಡ ತೀರಿಕೊಂಡ ಮೇಲೆ ಗಣಿತದ ಪದವಿ ಹಿಡಿದು ಬಂದ ನನಗೆ ಇಲ್ಲಿ ಪ್ರೋಗ್ರಾಂ ಬರೆಯುವ ನೌಕರಿ ಸಿಕ್ಕಿತು. ಇರಲು ಹೆಂಗಸರ ಹಾಸ್ಟೆಲಿನಲ್ಲಿ ಒಂದು ಮಂಚ. ಅಲ್ಲಿ ಮಕ್ಕಳನ್ನು ಸೇರಿಸುವುದಿಲ್ಲ. ಪುಟ್ಟ ಮಗಳು ಸುಮಿಯನ್ನು ಬೆಟಗೇರಿಯ ಅಕ್ಕನ ಹತ್ತಿರ ಬಿಟ್ಟು ಬಂದೆ. ಖೋಲಿ ಸಿಕ್ಕ ಕೂಡಲೇ ಕರೆತರುವುದು ಎಂದುಕೊಂಡಿದ್ದೆ. ಬಾಡಿಗೆಯ ಒಂಟಿ ಕೋಣೆಗೆ ಇಲ್ಲಿ ಖೋಲಿ ಎನ್ನುತ್ತಾರೆ. ಒಬ್ಬಳೇ ಹೆಂಗಸು ಎಂದರೆ ಮಾಲೀಕರು ಬಾಗಿಲು ಹಾಕಿಕೊಳ್ಳುತ್ತಾರೆ.

ಯಂತ್ರಕ್ಕೆ ಆಜ್ಞೆ ಕೊಟ್ಟರೆ ಅದು ಸಂಖ್ಯೆಯಲ್ಲಿ ಉತ್ತರ ಇಡುತ್ತದೆ. ಸೊನ್ನೆಯಾದರೆ ಕೆಲಸ ಆಗಿದೆ, ಬೇರೆಯಾದರೆ ಏನೋ ಎಡವಟ್ಟು. ಆ ಸಂಖ್ಯೆಯನ್ನು ನೋಡುವಂತೆ ಪ್ರೋಗ್ರಾಮಿನಲ್ಲಿ ನಾವೇ ಬರೆಯಬೇಕು. ನಮ್ಮ ಮನೆಗಳಲ್ಲಿ ಜೋಳ ತೀರಿದರೂ "ಜ್ವಾಳ ಹೆಚ್ಚಾಗ್ಯಾವ" ಎನ್ನುತ್ತೇವೆ, ಇಲ್ಲ ಅನ್ನಬಾರದು. ಹಾಗೆ ಬೆಳೆದ ನನಗೆ ಇಲ್ಲ ಎಂಬ ಉತ್ತರವನ್ನು ಹುಡುಕಿ ನೋಡಬೇಕೆಂದು ಹೊಳೆಯಲೇ ಇಲ್ಲ. ಒಮ್ಮೆ ಕೇಳಿದ ಗಿರಾಕಿಯ ವಿವರ ಸಿಗದಿದ್ದಾಗ, ಯಂತ್ರದ ನೆನಪಿನಲ್ಲಿ ಉಳಿದಿದ್ದ ಹಿಂದಿನ ಗಿರಾಕಿಯ ಹೆಸರೇ ಕಾಗದದ ಮೇಲೆ ಅಚ್ಚಾಯಿತು.

ನಮ್ಮ ಮೇಲಧಿಕಾರಿ ದೇಸಾಯರು ಮುಂಡರಗಿಯವರು. "ಅದು ಇಲ್ಲ ಅಂತ ಹೇಳೇತವ್ವಾ. ನೀನ ಹೊಳ್ಳಿ ನೋಡ್ಲಿಲ್ಲ" ಎಂದರು. ಆಮೇಲೆ ಪ್ರತಿ ಆಜ್ಞೆಯ ಕೆಳಗೂ ಉತ್ತರ ನೋಡುವುದನ್ನು ಕಲಿತೆ.

ಭಾನುವಾರಗಳಂದು ಅಕ್ಕನ ಮನೆಯ ಪಕ್ಕದ ಕಿರಾಣಿ ಅಂಗಡಿಗೆ ಟ್ರಂಕ್ ಕಾಲ್ ಮಾಡುತ್ತೇನೆ.

"ಸುಮಿ ನನ್ನ ನೆನಸ್ತಾಳೇನಕ್ಕ?"

"ದಿನಾ ನೆನಸ್ತಾಳ. ನೀ ಚಿಂತಿ ಮಾಡಬ್ಯಾಡ."

ಪ್ರತಿ ವಾರ ಇದೇ ಉತ್ತರ. ಹೋದ ವಾರ ನಾನು ಬಿಡಲಿಲ್ಲ.

"ಖರೆ ಹೇಳು. ಒಂದೀಟು ಆಕಿ ಕೈಯಾಗ ಕೊಡು."

ಅಕ್ಕ ಸುಮಿಯನ್ನು ಕರೆದಳು. ಆಮೇಲೆ ಮಗುವಿನ ಉಸಿರು ಕೇಳಿಸಿತು.

"ಸುಮೀ, ನಾನು, ಅವ್ವ."

ಅವಳು ಅತ್ತ ತಿರುಗಿ ಅಕ್ಕನಿಗೆ ಹೇಳಿದಳು: "ಅವ್ವಾ, ಯಾರೋ ಅವ್ವ ಅನ್ನಾಕತ್ತಾರ ನೋಡಬೇ."

ಅಕ್ಕ ಅಳುತ್ತಿದ್ದಳು. ಅವಳ ಮೇಲೆ ಸಿಟ್ಟು ಬರಬಾರದೇ ಎನಿಸಿತು, ಬರಲಿಲ್ಲ. ಮಗು ಅವ್ವ ಎಂದು ಕೂಗಿದಾಗ ಓಡಿಬಂದವಳು ಅವಳೇ ಅಲ್ಲವೇ? ಈಗ ಅಲ್ಲಿಗೆ ಹೋದರೆ ನಾನು ಬೀಗಿತ್ತಿ ಬಂದಂತೆ; ಇಲ್ಲಿ ಹೇಗೂ ಪರದೇಶಿ.

ಮೊನ್ನೆ ಖೋಲಿ ಸಿಕ್ಕಿತು. ಬೀಗದ ಕೈ ಸೆರಗಿನ ತುದಿಯಲ್ಲಿದೆ. ನಿನ್ನೆ ಭಾನುವಾರ ಫೋನಿನಲ್ಲಿ ಅಕ್ಕ, "ಖೋಲಿ ಸಿಕ್ತೇನು?" ಎಂದು ಕೇಳಿದಳು.

"ಇನ್ನೂ ಇಲ್ಲಕ್ಕ" ಎಂದೆ.