ಮಾರೆಣ್ಣ ಆರಿಸಿದ ಡಾಂಬರು ಸೈಕಲ್ಲು

ಒಂದು ಸೈಕಲ್ಲು ಕೊಳ್ಳಲು ಮನುಷ್ಯ ಎಷ್ಟು ಸಲ ಅಂಗಡಿ ಹತ್ತಬೇಕು? ಬಳ್ಳಾರಿಯ ಕೌಲ್ ಬಜಾರಿನ ಸೈಕಲ್ ಅಂಗಡಿಯ ಉಜ್ಜಿನಪ್ಪನನ್ನು ಕೇಳಿದರೆ ಎರಡು ಸಲ ಅನ್ನುತ್ತಿದ್ದ. ಕುರುಗೋಡಿನ ಮಾರೆಣ್ಣ ಬಂದದ್ದು ಐದು ಸಲ, ಅದೂ ಗಿರಾಕಿ ತುಂಬಿದ ಹೊತ್ತಿಗೇ.

ಮಾರೆಣ್ಣನದು ಅಂಜೂರ ಸಾಗಿಸುವ ಕೆಲಸ. ಗುಡ್ಡದ ಹಿಂದಿನ ಗಾದಿಲಿಂಗಪ್ಪನ ತೋಟದಿಂದ ಕುರುಗೋಡಿನ ಬಸ್ಸಿನವರೆಗೆ, ಕಲ್ಲುಬಂಡೆಯ ಕಾಲುದಾರಿಯಲ್ಲಿ, ಹನ್ನೆರಡು ವರ್ಷ ತನ್ನ ಭಾರದ ಸೈಕಲ್ಲಿನಲ್ಲಿ ಬುಟ್ಟಿ ಇಳಿಸಿದ್ದ. ಒಂದು ಹಣ್ಣೂ ನಲುಗಿರಲಿಲ್ಲ. ಸಾವಿರದ ಒಂಬೈನೂರ ಎಪ್ಪತ್ತಾರರಲ್ಲಿ ತೋಟದವರೆಗೆ ಡಾಂಬರು ಬಂತು, ಬೆನ್ನಿಗೇ ಸಿರುಗುಪ್ಪದ ಲಾರಿಯವನೂ ಬಂದ. ಗಾದಿಲಿಂಗಪ್ಪ ಕಡ್ಡಿ ಮುರಿದಂತೆ ಹೇಳಿಬಿಟ್ಟ: "ಸೋಮವಾರ ಮುಂಜಾನಿ ನೀನು ಬುಟ್ಟಿ ತಗೊಂಡು ಎಂಟರೊಳಗ ಬಳ್ಳಾರಿ ಮಾರ್ಕೆಟ್ಟು ಮುಟ್ಟಿದ್ರ ಕೆಲಸ ನಿಂದು, ಇಲ್ಲಾಂದ್ರ ಲಾರಿದು."

ಹಗುರದ, ತೆಳು ಟಯರಿನ ಸೈಕಲ್ಲೊಂದು ಬೇಕಾದದ್ದು ಹೀಗೆ. ಆದರೆ ಮಾರೆಣ್ಣ ಅದನ್ನು ನೋಡಿದ್ದು ಗುಡ್ಡದವನ ಕಣ್ಣಿನಿಂದ. ಹೆಗಲಿಗೇರಿಸಿಕೊಂಡು ಅಂಗಡಿಯ ಮೆಟ್ಟಿಲು ಹತ್ತಿದ, ಇಳಿದ. ನೆಲಕ್ಕೆ ಕುಕ್ಕಿ ಕಿವಿಗೊಟ್ಟ. ಮುಂದಿನ ಗಾಲಿಯನ್ನು ಮೊಣಕಾಲ ನಡುವೆ ಹಿಡಿದು ತಿರುಚಿದ.

"ಇದೇನು ಸಂತಿ ಎತ್ತೇನಪಾ? ಬಾಯಿ ತೆಗೆಸಿ ಹಲ್ಲೂ ನೋಡು!" ಎಂದು ಉಜ್ಜಿನಪ್ಪ ರೇಗಿದ.

"ಕಲ್ಲು ಬಂದ್ರ ತಡಿತೈತೇನ್ರಿ?"

"ಡಾಂಬರಿನ್ಯಾಗ ಕಲ್ಲು ಎಲ್ಲಿಂದ ಬರ್ತೈತಿ ಮಾರಾಯ!"

ಸೀಟಿಗೆ ಸ್ಪ್ರಿಂಗ್ ಯಾಕಿಲ್ಲ, ಹ್ಯಾಂಡಲ್ ಯಾಕೆ ಬಗ್ಗಿದೆ, ಕೆಸರು ಎಲ್ಲಿ ಸಿಡಿಯುತ್ತದೆ. ಉಜ್ಜಿನಪ್ಪನಿಗೆ ತಲೆ ಚಿಟ್ಟು ಹಿಡಿಯಿತು. ಐದನೆಯ ಸಲ, ಭಾನುವಾರ, ಮಾರೆಣ್ಣ ಅಂತೂ ಇಂತೂ ಒಂದನ್ನು ಆರಿಸಿದ. ಹೊರಟವನು ಬಾಗಿಲಲ್ಲಿ ಮತ್ತೆ ನಿಂತ.

"ಗಾಳಿ ಎಷ್ಟಿರಬೇಕ್ರಿ?"

ಉಜ್ಜಿನಪ್ಪನ ತಾಳ್ಮೆ ಅಲ್ಲಿಗೆ ತೀರಿತು. "ನಿನ್ನ ಗುಡ್ಡದಾಗ ಎಷ್ಟಿತ್ತೋ ಅಷ್ಟ ಇಟ್ಕ, ಹೋಗು!"

ಮರುದಿನ ಹನ್ನೊಂದಕ್ಕೆ ಮಾರೆಣ್ಣ ಸೈಕಲ್ ತಳ್ಳಿಕೊಂಡು ಬಂದ. ಹಿಂದಿನ ಟಯರು ನೆಲಕ್ಕಂಟಿತ್ತು. ಮತ್ತೇನು ತಕರಾರು ಎಂದು ಗೊಣಗುತ್ತ ಉಜ್ಜಿನಪ್ಪ ಟ್ಯೂಬು ಬಿಚ್ಚಿದ. ಹಾವು ಕಚ್ಚಿದಂತೆ ಅಕ್ಕಪಕ್ಕ ಎರಡು ತೂತು. ಗಾಳಿ ಕಮ್ಮಿಯಿದ್ದು, ಬುಟ್ಟಿಯ ಭಾರಕ್ಕೆ ಟ್ಯೂಬು ರಿಮ್ಮಿಗೆ ಸಿಕ್ಕಿ ಕತ್ತರಿಸಿಹೋಗಿತ್ತು. ಗುಡ್ಡದಲ್ಲಿ ಕಲ್ಲಿಗೆ ಪುಟಿಯಬಾರದೆಂದು ದಪ್ಪ ಟಯರಿಗೆ ಅರ್ಧವೇ ಗಾಳಿ ಇಡುತ್ತಾರೆಂಬುದು ಉಜ್ಜಿನಪ್ಪನಿಗೂ ಗೊತ್ತಿದ್ದ ಸಂಗತಿಯೇ.

"ಯಾರು ಗಾಳಿ ಬಿಟ್ಟವರು?"

"ನಾನ ರೀ. ನೀವು ಹೇಳಿದಂಗ, ಗುಡ್ಡದಷ್ಟ."

ಉಜ್ಜಿನಪ್ಪನಿಗೆ ತನ್ನ ನಾಲಿಗೆಯ ಮೇಲೆಯೇ ಸಿಟ್ಟು ಬಂತು. ತೇಪೆ ಹಾಕಿ ತಾನೇ ಪಂಪು ಒತ್ತಿದ, ಕೈ ಸೋಲುವವರೆಗೂ ಒತ್ತಿದ. ಮಾರೆಣ್ಣನ ಹೆಬ್ಬೆರಳು ಹಿಡಿದು ಟಯರಿನ ಮೇಲಿಟ್ಟ.

"ಹಿಂಗಿರಬೇಕು. ಕಲ್ಲಿನಂಗ. ನಡಿ, ಗಾದಿಲಿಂಗಪ್ಪಗ ನಾನ ಹೇಳ್ತೀನಿ, ತಪ್ಪು ನಂದು ಅಂತ."

ಮಾರೆಣ್ಣ ಟಯರನ್ನು ಒತ್ತಿ ಒತ್ತಿ ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ.

"ಬ್ಯಾಡ್ರಿ. ಎಂಟಕ್ಕ ಗಾದಿಲಿಂಗಪ್ಪನವ್ರು ಮಾರ್ಕೆಟ್ಟಿನಾಗ ನಿಂತಿದ್ರಂತ. ಲಾರಿಯವನಿಗೆ ಆಗಲೇ ಎಲಿ ಅಡಿಕಿ ಕೊಟ್ಟು ಮಾತು ಮುಗಿಸ್ಯಾರ."