ಕಿಟಕಿ ಬಾಗಿಲಿನ ಹಸಿರು

ಸೊಸೆ ಕುಂಚದ ತುದಿಯನ್ನು ತುಟಿಗಿಟ್ಟು ಚೂಪು ಮಾಡಿಕೊಂಡಳು. ಎದುರು ಮೇಜಿನಲ್ಲಿ ಕೂತಿದ್ದ ಅತ್ತೆ, ಬೀದಿಯವರಿಗೆಲ್ಲ ಬಣ್ಣದಕ್ಕ, ನೋಡಿ ಮೆಚ್ಚಿಕೊಂಡರು. ಆ ರೂಢಿ ಕಲಿಸಿದ್ದು ಅವರೇ. ಅವರಿಗೆ ಕಲಿಸಿದ್ದು ಅವರ ಅತ್ತೆ. ಕುಂಚದ ಕೂದಲು ಒಂದಾಗಲು ಎಂಜಲಿಗಿಂತ ಒಳ್ಳೆಯದು ಇನ್ನೊಂದಿಲ್ಲ ಎನ್ನುವುದು ಆ ಮನೆಯ ಮಾತು.

ಅವರ ಕಸುಬು ಹಳೆಯ ಅಚ್ಚುಚಿತ್ರಗಳ ರಿಪೇರಿ. ಬ್ರಿಟಿಷರು ಇಂಡಿಯಾದಲ್ಲಿ ಕಟ್ಟಿದ ಬಂಗಲೆ, ಕಚೇರಿ, ಗಡಿಯಾರದ ಗೋಪುರಗಳನ್ನು ತಾಮ್ರದ ಹಲಗೆಯಲ್ಲಿ ಕೊರೆದು, ಕಾಗದಕ್ಕೆ ಒತ್ತಿ, ಒಂದೊಂದಕ್ಕೂ ಕೈಯಲ್ಲೇ ಬಣ್ಣ ತುಂಬಿದ ಚಿತ್ರಗಳು ಅವು. ಮಾಸಿದ ಆಕಾಶದ ನೀಲಿ ಹೇಗೋ ಹೊಂದಿಕೊಳ್ಳುತ್ತದೆ. ಕಿಟಕಿ ಬಾಗಿಲುಗಳ ಹಸಿರು ಮಾತ್ರ ಅಂಗಡಿಯ ಬಣ್ಣಕ್ಕೆ ಜಗ್ಗುವುದಿಲ್ಲ. ಹೋದ ತಿಂಗಳು ಅಟ್ಟ ಗುಡಿಸುವಾಗ, ತೀರಿಕೊಂಡ ಹಿರಿಯತ್ತೆಯ, ಅಂದರೆ ಬಣ್ಣದಕ್ಕನ ಅತ್ತೆಯ, ತಗಡಿನ ಡಬ್ಬಿಯೊಂದು ಸಿಕ್ಕಿತು. ಒಳಗೆ ಒಣಗಿದ ಹಸಿರು ಬಿಲ್ಲೆ. ನೀರು ಹನಿಸಿ ಹಚ್ಚಿದರೆ ಹೊಸತು ಯಾವುದು, ಹಳತು ಯಾವುದು ಗೊತ್ತಾಗಲಿಲ್ಲ. ಕಣ್ಣು ಚುರುಕಾಗಿದ್ದ ಸೊಸೆಗೆ ಆ ಕೆಲಸ ಬಂತು. ಅವಳು ಐದು ತಿಂಗಳ ಬಸುರಿ.

ಅಂದು ಮಧ್ಯಾಹ್ನ ಚಿತ್ರ ಒಯ್ಯಲು ವಸ್ತುಸಂಗ್ರಹಾಲಯದವರೊಬ್ಬರು ಬಂದರು. ಡಬ್ಬಿ ಕಂಡು ಮೊದಲು ಕೈಗವಸು ಹಾಕಿಕೊಂಡರು. ಆಮೇಲೆ ಮುಚ್ಚಳ ಮುಚ್ಚಿದರು.

"ಹಳೇ ಹಸಿರು. ಇದರಲ್ಲಿ ಪಾಷಾಣ ಇರತ್ತೆ, ಆರ್ಸೆನಿಕ್ ವಿಷ," ಎಂದರು. "ಕುಂಚ ಚೂಪು ಮಾಡೋದು ಯಾವುದರಲ್ಲಿ?"

"ಬಟ್ಟೇಲಿ," ಎಂದರು ಬಣ್ಣದಕ್ಕ.

ಸೊಸೆ ತಲೆ ಎತ್ತಲಿಲ್ಲ. ಬಾಯಿಗೆ ಹೋಗದಿದ್ದರೆ ಸಾಕು ಎಂದು ಹೇಳಿ ಬಂದವರು ಹೊರಟರು.

ಹಿರಿಯತ್ತೆಗೆ ವರ್ಷಗಟ್ಟಲೆ ಹೊಟ್ಟೆನೋವಿತ್ತು, ಅಂಗೈ ಚರ್ಮ ಗಂಟುಗಟ್ಟಿತ್ತು. ಮನೆಯವರು ಪಿತ್ತ ಎಂದು ಸುಮ್ಮನಾಗಿದ್ದರು. ಅವರ ನಾಲಿಗೆ ಹಸಿರಾದಾಗ ಬಣ್ಣದಕ್ಕನ ಮಾವ ಹೆಂಡತಿಯನ್ನು ಗಿಣಿಯಮ್ಮ ಎಂದು ರೇಗಿಸುತ್ತಿದ್ದರು. ಆ ಮಾತಿಗೆ ಎಷ್ಟೋ ಸಲ ನಕ್ಕಿದ್ದ ಬಣ್ಣದಕ್ಕ ಈಗ ಸೊಸೆಗೆ ನಾಲಿಗೆ ತೋರಿಸು ಎಂದರು. ಅಂಚಿನಲ್ಲಿ ಹಸಿರಿತ್ತು.

"ವಾರದಿಂದ ಹೊಟ್ಟೆ ತೊಳಸ್ತಿದೆ ಅತ್ತೆ. ಬಸುರಿ ಅಲ್ವಾ, ಇದ್ದದ್ದೇ ಅಂತ ಸುಮ್ನಿದ್ದೆ," ಎಂದಳು ಸೊಸೆ. "ಡಾಕ್ಟರ್ ಹತ್ರಾನೂ ಬಟ್ಟೇಲಿ ಅಂತೀರಾ?"

ಕೆಳಗೆ ಬಣ್ಣದಕ್ಕನ ಮಗ ಚೌಕಟ್ಟಿಗೆ ಮೊಳೆ ಹೊಡೆಯುತ್ತಿದ್ದ. ಸುತ್ತಿಗೆಯ ಸದ್ದು ನಿಂತಾಗಲೆಲ್ಲ, ಮೇಲೆ ಬಂದನೇನೋ ಎಂದು ಬಣ್ಣದಕ್ಕ ಮೆಟ್ಟಿಲ ಕಡೆ ನೋಡುತ್ತಿದ್ದರು. ಡಬ್ಬಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದರು. ಗಂಟು ಸೊಸೆ ಹಾಕಿದಳು.

ಬಣ್ಣ ಬಾಯಿಗೆ ಹೋಗಿದ್ದು ಹೇಗೆ ಎಂದು ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ್ದು ಸೊಸೆಯನ್ನು. ಅವಳು ಅತ್ತೆಯ ಮುಖ ನೋಡಿದಳು.

"ಕುಂಚಾನ ಬಾಯಲ್ಲೇ ಚೂಪು ಮಾಡ್ತಿದ್ಲು," ಎಂದರು ಬಣ್ಣದಕ್ಕ. "ಕಲಿಸಿದ್ದು ನಾನೇ."

ಡಾಕ್ಟರ್ ಡಬ್ಬಿಯನ್ನು ಅಲ್ಲೇ ಇಟ್ಟುಕೊಂಡು, ಸೊಸೆಯ ಮೂತ್ರವನ್ನು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬುಧವಾರ ಬರುತ್ತದೆ.