ಅಂಬಾದಾಸನ ಸನ್ನೆ

ಗಂಡನ ಹೆಸರನ್ನು ಶರಣಮ್ಮ ಒಮ್ಮೆಯೂ ಬಾಯಿಬಿಟ್ಟು ಹೇಳಿದವಳಲ್ಲ. ಆಳಂದದ ಕಡೆಯಿಂದ ಪುಣೆಗೆ ಬಂದು ಭೋಸರಿಯ ಚಾಳಿನಲ್ಲಿ ಸಂಸಾರ ಹೂಡಿದ ಮೇಲೂ ಆ ರೂಢಿ ಬಿಡಲಿಲ್ಲ. ಯಾರಾದರೂ "ನಿಮ್ಮ ಮನಿಯವರ ಹೆಸರೇನ್ರಿ?" ಎಂದು ಕೇಳಿದರೆ ಸೆರಗು ಸರಿಮಾಡಿಕೊಂಡು ಎಡಗಿವಿಯ ಹಾಲೆಯನ್ನು ಎರಡು ಸಲ ಎಳೆದು ತೋರಿಸುವಳು. ಕೇಳಿದವರು ನಗುವರು.

ಆ ಸನ್ನೆ ಆಕೆ ಕಟ್ಟಿದ್ದಲ್ಲ, ಕಾರ್ಖಾನೆಯಿಂದ ಮನೆಗೆ ಬಂದದ್ದು. ಅಂಬಾದಾಸ ತಗಡು ಒತ್ತುವ ಪ್ರೆಸ್ ಶಾಪಿನಲ್ಲಿ ಯಂತ್ರಗಳಿಗೆ ಅಚ್ಚು ಕೂರಿಸುವವನು. ಪ್ರೆಸ್ಸುಗಳು ಓಡುವಾಗ ಪಕ್ಕದಲ್ಲಿ ನಿಂತು ಕೂಗಿದರೂ ಕೇಳುತ್ತಿರಲಿಲ್ಲ. ಎಲ್ಲರೂ ಕೈಯಲ್ಲೇ ಮಾತಾಡುತ್ತಿದ್ದರು. ನೀರಿಗೊಂದು ಸನ್ನೆ, ಚಹಕ್ಕೊಂದು, ಸಾಹೇಬ ಬಂದನೆನ್ನಲು ಇನ್ನೊಂದು. ಚಿಕ್ಕಂದಿನಲ್ಲಿ ಕಿವಿಯ ರಿಂಗು ಎಲ್ಲೋ ಸಿಕ್ಕಿಕೊಂಡು ಅಂಬಾದಾಸನ ಎಡಗಿವಿಯ ಹಾಲೆ ಹರಿದು ಎರಡಾಗಿತ್ತು. ಹಾಗಾಗಿ ಹಾಲೆ ಎಳೆದರೆ ಅಂಬಾದಾಸ. ಅಚ್ಚು ಬದಲಿಸಲು ಅವನು ಬರುವುದು ಕಂಡರೆ ಯಾರಾದರೊಬ್ಬರು ಹಾಲೆ ಎಳೆದು, ಎಡ ಹೆಗಲ ಮೇಲಿಂದ ಬಾಗಿಲ ಕಡೆ ನೋಡುವರು. ಸಾಲಿನಲ್ಲಿದ್ದವರೆಲ್ಲ ಅತ್ತ ನೋಡಿ, ಯಂತ್ರದಿಂದ ಕೈ ತೆಗೆದು ಹಿಂದೆ ಸರಿಯುವರು.

1994ರ ಬೇಸಿಗೆಯಲ್ಲಿ ಅವನು ಪ್ರೆಸ್ಸಿನೊಳಗೆ ತಲೆಹಾಕಿ ಬೋಲ್ಟು ಬಿಗಿಯುತ್ತಿದ್ದಾಗ ಪ್ರೆಸ್ಸು ಇಳಿಯಿತು. ಆಸ್ಪತ್ರೆಯಲ್ಲಿ ಪೊಲೀಸನು ಸತ್ತವನ ಹೆಸರು ಕೇಳಿದಾಗ ಶರಣಮ್ಮನ ಕೈ ತಾನಾಗಿಯೇ ಕಿವಿಗೆ ಹೋಯಿತು. ಪೊಲೀಸನಿಗೆ ಏನೂ ತಿಳಿಯಲಿಲ್ಲ. ಹಿಂದೆ ನಿಂತಿದ್ದ ಕೆಲಸಗಾರರು ಮಾತ್ರ ತಲೆ ತಗ್ಗಿಸಿದರು.

ಸ್ವಲ್ಪ ಕಾಲಕ್ಕೆ ಆ ಕಾರ್ಖಾನೆ ಮುಚ್ಚಿತು. ಕೆಲಸಗಾರರು ಭೋಸರಿಯ ಗಲ್ಲಿಗಲ್ಲಿಯ ಪ್ರೆಸ್ ಶಾಪುಗಳಿಗೆ ಚದುರಿಹೋದರು. ಶರಣಮ್ಮ ಗಾರೆ ಹೊತ್ತಳು, ಮಂದಿಯ ಮನೆಗಳಲ್ಲಿ ಪಾತ್ರೆ ತಿಕ್ಕಿದಳು, ಮಗಳನ್ನು ಸೊಲ್ಲಾಪುರಕ್ಕೆ ಕೊಟ್ಟಳು. 2003ರಲ್ಲಿ ನೆರೆಮನೆಯ ಸಾವಿತ್ರಿಬಾಯಿ ತಾನು ಕಸ ಗುಡಿಸುತ್ತಿದ್ದ ಕಾರ್ಖಾನೆಗೆ ಆಕೆಯನ್ನೂ ಸೇರಿಸಿದಳು. ಅದೂ ಪ್ರೆಸ್ ಶಾಪೇ. ಹೊಸ ಶೆಡ್ಡು, ಹೊಸ ಜನ. ಗುರುತಿನ ಮುಖ ಒಂದೂ ಇಲ್ಲ.

ಮೊದಲ ದಿನ ತಗಡಿನ ಚೂರು ಬಳಿಯುತ್ತಾ ಆಕೆ ತಲೆ ಎತ್ತಿದಳು. ಯಾರೋ ಒಬ್ಬ ಎಡಗಿವಿಯ ಹಾಲೆಯನ್ನು ಎರಡು ಸಲ ಎಳೆದು ಹೆಗಲ ಮೇಲಿಂದ ಎಡಕ್ಕೆ ನೋಡಿದ. ಸಾಲಿನವರೆಲ್ಲ ಕೈ ಹಿಂದೆಳೆದುಕೊಂಡು ಎಡಕ್ಕೇ ನೋಡಿದರು. ಆ ಕಡೆ ಬಾಗಿಲೇ ಇರಲಿಲ್ಲ. ಎಣ್ಣೆ ಕಲೆ ಹಿಡಿದ ಗೋಡೆ ಇತ್ತು.

ಶರಣಮ್ಮ ಗಡಬಡಿಸಿ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಗಂಡ ಹೊಸ್ತಿಲು ದಾಟಿ ಬಂದಾಗ ಎಳೆದುಕೊಳ್ಳುತ್ತಿದ್ದ ಹಾಗೆ.

ಮರುದಿನವೂ ಅದೇ, ಅದರ ಮರುದಿನವೂ ಅದೇ. ಆಕೆ ಆ ಗೋಡೆಯ ಬುಡಕ್ಕೆ ಪೊರಕೆ ಹಾಕುವುದನ್ನು ಬಿಟ್ಟಳು. ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ ಬಿಟ್ಟು ಗುಡಿಸುವಳು. ಅಲ್ಲಿ ಧೂಳು ಪಟ್ಟೆಯಾಗಿ ಕೂತಿತು.

"ಯಾಕ ಬಿಡ್ತೀಯವ್ವ ಅಲ್ಲಿ?" ಎಂದು ಸಾವಿತ್ರಿಬಾಯಿ ಕೇಳಿದಳು.

"ಅವರನ್ನ ಕರೀತಾರ," ಎಂದಳು ಶರಣಮ್ಮ. "ದಿನಾ ಕರೀತಾರ."

"ಯಾರನ್ನ?"

ಶರಣಮ್ಮ ಹಾಲೆ ಎಳೆದಳು. ಸಾವಿತ್ರಿಬಾಯಿ ಗೋಡೆಯ ಕಡೆ ನೋಡಿದಳು. "ಬಂದಾರೇನು?"

"ಬಂದಿದ್ರ ಮತ್ತ ಮತ್ತ ಯಾಕ ಕರೀತಿದ್ರು?"

ಕಡೆಗೆ ಆಕೆ ಧೈರ್ಯ ಮಾಡಿ ಅಲ್ಲಿನ ಹಿರಿಯ ಆಪರೇಟರ್ ಪ್ರಲ್ಹಾದನನ್ನು ಮರಾಠಿಯಲ್ಲೇ ಕೇಳಿದಳು. ಅವನು ಚಹ ಊದುತ್ತಾ ಹೇಳಿದ: "ಅದಾ ಮಾವಶಿ? 'ಹಾತ್ ಕಾಢ' ಅಂತ. ಕೈ ತಗೀ, ಅಪಾಯ ಅದ ಅಂತ. ಭೋಸರಿಯೊಳಗ ಎಲ್ಲಾ ಪ್ರೆಸ್ ಶಾಪಿನಾಗೂ ಇದೇ."

"ಯಾರು ಕಲಿಸಿದ್ರು?"

"ಯಾರೂ ಇಲ್ಲ. ಮೊದಲಿಂದ ಅದ."

"ಮತ್ತ ಆ ಗೋಡಿ ಕಡೆ ಯಾಕ ನೋಡ್ತೀರಿ?"

ಪ್ರಲ್ಹಾದ ಬಾಯಿಗೆ ತಂದ ಲೋಟ ಹಾಗೇ ಹಿಡಿದ. ಅದನ್ನು ಅವನು ಎಂದೂ ಯೋಚಿಸಿರಲಿಲ್ಲ. "ಹಂಗೇ ನೋಡ್ತೀವಿ," ಎಂದ. "ನೋಡದಿದ್ರ ಯಾರೋ ಹಿಂದ ನಿಂತಂಗ ಆಗ್ತದ."

ಆಗ ಶರಣಮ್ಮ ಹರಿದ ಹಾಲೆಯ ಕಥೆಯನ್ನು ಅವನಿಗೆ ಹೇಳಿದಳು. ಅಪಾಯ ಎಂಬ ಮಾತಲ್ಲ ಅದು, ಪ್ರೆಸ್ಸಿಗೆ ಸಿಕ್ಕಿ ಸತ್ತ ಒಬ್ಬ ಮನುಷ್ಯನ ಹೆಸರು ಎಂದಳು. ಪ್ರಲ್ಹಾದ ನಗಲು ಹೋಗಿ ನಗಲಿಲ್ಲ.

ಮಾತು ಶೆಡ್ಡಿನ ತುಂಬ ಹರಡಿತು. ಸತ್ತವನನ್ನು ಕರೆಯುವುದು ಬೇಡವೆಂದು ಯಾರೂ ಕಿವಿಗೆ ಕೈ ಹಾಕದಾದರು. ಸಿಳ್ಳೆ ಹಾಕಿ ನೋಡಿದರು; ಆ ಸದ್ದಿನಲ್ಲಿ ಕೇಳಲಿಲ್ಲ. ಬೇರೆ ಸನ್ನೆ ಕಟ್ಟಲು ನೋಡಿದರು. ಒಬ್ಬ ಮಾಡಿದ್ದು ಇನ್ನೊಬ್ಬನಿಗೆ ತಿಳಿಯಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಪ್ರಲ್ಹಾದ ಸಿಕ್ಕಿಬಿದ್ದ ತಗಡನ್ನು ಬಿಡಿಸಲು ಪ್ರೆಸ್ಸಿನೊಳಗೆ ಕೈ ಹಾಕಿದ್ದ. ಆಚೆ ಬದಿ ನಿಂತವನಿಗೆ ಅದು ಕಾಣದು. ಅವನು ಪ್ರೆಸ್ಸು ಇಳಿಸುವ ಪೆಡಲಿನ ಮೇಲೆ ಕಾಲಿಟ್ಟ, ಇನ್ನೂ ಒತ್ತಿರಲಿಲ್ಲ. ಎರಡೂ ಕಂಡದ್ದು ಪೊರಕೆ ಹಿಡಿದು ನಡುವೆ ನಿಂತಿದ್ದ ಶರಣಮ್ಮನಿಗೆ. ಕಿರುಚಿದಳು; ಅವಳ ದನಿ ಅವಳಿಗೇ ಕೇಳಲಿಲ್ಲ. ಪೊರಕೆ ಬಿಸಾಕಿ ಎಡಗಿವಿಯ ಹಾಲೆ ಎಳೆದಳು.

ಪೆಡಲಿನಿಂದ ಕಾಲು ಎದ್ದಿತು. ಪ್ರಲ್ಹಾದನ ಕೈ ಹೊರಬಂತು. ಸಾಲಿನ ಎಲ್ಲ ಕೈಗಳೂ ಒಟ್ಟಿಗೆ ಹಿಂದೆ ಸರಿದವು, ಎಲ್ಲ ಮುಖಗಳೂ ಗೋಡೆಯತ್ತ ತಿರುಗಿದವು. ಶರಣಮ್ಮನೂ ತಿರುಗಿದಳು. ಧೂಳಿನ ಪಟ್ಟೆ ಹಾಗೇ ಇತ್ತು. ಅದರ ಮೇಲೆ ಒಂದು ಹೆಜ್ಜೆಯೂ ಇರಲಿಲ್ಲ.

ಪ್ರಲ್ಹಾದ ಬಂದು ಆಕೆಯ ಕಾಲು ಮುಟ್ಟಿದ. ಆಕೆಗೆ ಅದು ತಿಳಿಯಲೇ ಇಲ್ಲ. ಮನೆಗೆ ಹೋಗುವ ದಾರಿಯಲ್ಲಿ ಸಾವಿತ್ರಿಬಾಯಿಯ ಕೈ ಹಿಡಿದು ಅಳುತ್ತಾ, "ನಾ ಅವರನ್ನ ನೆನಸಲೇ ಇಲ್ಲವ್ವ," ಎಂದಳು. "ಕೈ ತಗೀ ಅಂದೆ, ಅಷ್ಟ. ನನ್ನ ಕೈಗೂ ಈಗ ಅದರ ಅರ್ಥ ಅಷ್ಟೇ ಆಗೇದ. ಇನ್ನ ಅವರನ್ನ ಕರೀಲಿಕ್ಕೆ ನನ್ನ ಹತ್ತರ ಏನದ?"

ಮರುದಿನ ಆಕೆ ಗೋಡೆಯ ಬುಡದವರೆಗೂ ಗುಡಿಸಿದಳು. ಹುಡುಕಿಕೊಂಡು ಬರುವವರು ಇಲ್ಲವೆಂದು ಖಾತ್ರಿಯಾದ ಮನೆಯನ್ನು ಗುಡಿಸುವ ಹಾಗೆ. ಕೆಲಸಗಾರರೂ ಮತ್ತೆ ಹಾಲೆ ಎಳೆಯತೊಡಗಿದರು.

ಕೆಲವು ವರ್ಷದ ಮೇಲೆ ಸುರಕ್ಷತೆ ಕಲಿಸುವ ಜನ ಬಂದು ಶೆಡ್ಡಿನ ಸನ್ನೆಗಳನ್ನೆಲ್ಲ ನೋಡಿ ಬರೆದುಕೊಂಡು ಹೋದರು. ಕೆಲವು ದಿನಕ್ಕೆ ಗಾಜು ಹಾಕಿಸಿದ ಒಂದು ದೊಡ್ಡ ಚಿತ್ರ ಬಂತು. ಹಳದಿ ಹಲಗೆಯ ಮೇಲೆ ಕರಿಯ ಮನುಷ್ಯ; ಕಣ್ಣಿಲ್ಲ, ಮೂಗಿಲ್ಲ, ಬಾಯಿಲ್ಲ. ಕೈ ಎಡಗಿವಿಯ ಮೇಲೆ. ಬೇರೆಲ್ಲೂ ಜಾಗವಿರಲಿಲ್ಲವೆಂದು ಅದನ್ನು ಎಡಗಡೆಯ ಗೋಡೆಗೇ ತೂಗುಹಾಕಿದರು. ಅಂದಿನಿಂದ ಹಾಲೆ ಎಳೆದಾಗಲೆಲ್ಲ ಸಾಲಿನವರು ತಿರುಗಿ ನೋಡಿದರೆ ಅಲ್ಲಿ ಒಬ್ಬ ನಿಂತಿರುತ್ತಿದ್ದ.

ಆ ಗಾಜು ಒರೆಸುವ ಕೆಲಸ ಶರಣಮ್ಮನ ಪಾಲಿಗೆ ಬಂತು. ಕೆಲಸ ಬಿಡುವವರೆಗೂ ಒರೆಸಿದಳು. ಆದರೆ ಗುರುತಿಲ್ಲದ ಗಂಡಸಿನ ಎದುರು ನಿಲ್ಲಬೇಕಾದವಳ ಹಾಗೆ, ಒಂದು ದಿನವೂ ಒಬ್ಬಳೇ ಹೋಗಲಿಲ್ಲ. ಸಾವಿತ್ರಿಬಾಯಿ ಪಕ್ಕಕ್ಕೆ ಬಂದು ನಿಂತ ಮೇಲೆಯೇ ಬಟ್ಟೆ ಒದ್ದೆ ಮಾಡುತ್ತಿದ್ದಳು.